ಇಲ್ಲವೆಂದು ಮಾರಿದ ಫಿಲ್ಟರ್

ಆ ಬಿಳಿ ಕಾರು ಮೂರನೆಯ ಸಲ ನಮ್ಮ ವರ್ಕ್‌ಶಾಪಿಗೆ ಬಂದದ್ದು ತೆವಳಿಕೊಂಡು. ಲಿಂಗಸುಗೂರಿನಿಂದ ಸಿಂಧನೂರಿನವರೆಗೂ ಎಷ್ಟು ಒತ್ತಿದರೂ ವೇಗ ಏರಲಿಲ್ಲವಂತೆ. ಮಸ್ಕಿ ದಾಟಿದ ಮೇಲೆ ಭತ್ತ ಹೇರಿದ ಟ್ರ್ಯಾಕ್ಟರುಗಳು ಕೂಡ ಹಾರ್ನ್ ಹೊಡೆದು ಮುಂದೆ ಹೋದವಂತೆ. ಕಾರಿನಿಂದ ಇಳಿದವರು ಗುರುಗುಂಟಾ ಸೀಮೆಯ ದನದ ಡಾಕ್ಟರು, ನಡುವಯಸ್ಸಿನ ಹೆಣ್ಣುಮಗಳು. ಮನೆ ಲಿಂಗಸುಗೂರಿನಲ್ಲಿ. ಬೆಳಗಾದರೆ ಕುರಿ, ಎಮ್ಮೆ, ಎತ್ತುಗಳ ಹಿಂದೆ ಹಳ್ಳಿಯಿಂದ ಹಳ್ಳಿಗೆ ತಿರುಗುವ ಕೆಲಸ. ಅವರು ಕುರ್ಚಿಯಲ್ಲಿ ಕೂರಲಿಲ್ಲ. ಕೀಲಿಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟರು.

“ಇದನ್ನ ನೀವ ಇಟ್ಕೋರಿ ಮೇಡಂ. ನನ್ನ ಹಳೇ ಸ್ಕೂಟರ್ ಮ್ಯಾಲೆ ನಾ ಆರಾಮ ಇದ್ದೆ.”

ನಾನು ಸಿಂಧನೂರಿನ ಒಂದು ಕಾರು ಷೋರೂಮಿನಲ್ಲಿ ಸರ್ವೀಸ್ ಅಡ್ವೈಸರ್. ಊರು ಮಸ್ಕಿ, ದಿನಾಲೂ ಬಸ್ಸಿನಲ್ಲಿ ಓಡಾಟ. ಗಿರಾಕಿಗಳ ತಕರಾರನ್ನು ಕೇಳಿಸಿಕೊಂಡು ಮಿಸ್ತ್ರಿಗಳ ಮಾತಿನಲ್ಲಿ ಹೇಳುವುದು, ಮಿಸ್ತ್ರಿಗಳು ಕಂಡುಹಿಡಿದದ್ದನ್ನು ಗಿರಾಕಿಗಳ ಮಾತಿನಲ್ಲಿ ಹೇಳುವುದು ನನ್ನ ಕೆಲಸ. ಹಿಂದಿನ ಎರಡು ಸಲ ಆ ಕಾರು ಬಂದಾಗ ನಾನು ರಜೆಯಲ್ಲಿದ್ದೆ. ಬೇರೆಯವರು ಸ್ಕ್ಯಾನರ್ ಹಚ್ಚಿ, ಉರಿಯುತ್ತಿದ್ದ ಹಳದಿ ದೀಪವನ್ನು ಆರಿಸಿ, ಗಾಡಿ ತೊಳೆದು ಕಳಿಸಿದ್ದರು. ದೀಪ ಆರಿತ್ತು, ರೋಗ ಹಾಗೇ ಇತ್ತು.

ನಾನು ಹಿರಿಯ ಮಿಸ್ತ್ರಿಯವರನ್ನು ಕರೆದೆ. ನಾವೆಲ್ಲ ಅವರನ್ನು ಚಾಚಾ ಅಂತಲೇ ಕರೆಯುವುದು. ಇಬ್ಬರೂ ಸೇರಿ ಸ್ಕ್ಯಾನರ್ ಹಚ್ಚಿದೆವು. ಸೈಲೆನ್ಸರಿನ ದಾರಿಯಲ್ಲಿರುವ ಮಸಿ ಹಿಡಿಯುವ ಫಿಲ್ಟರು ಕಟ್ಟಿಕೊಂಡು ಕಲ್ಲಾಗಿತ್ತು. ಚಾಚಾ ಎಂಜಿನ್ ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿದರು. ಆಯಿಲ್ ಗುರುತಿಗಿಂತ ಮೇಲೆ ಏರಿತ್ತು, ನೀರಿನಂತೆ ತೆಳ್ಳಗಾಗಿತ್ತು, ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಗಾಡಿ ತನ್ನಷ್ಟಕ್ಕೆ ಫಿಲ್ಟರನ್ನು ಸುಟ್ಟು ಸ್ವಚ್ಛ ಮಾಡಿಕೊಳ್ಳಲು ಮತ್ತೆ ಮತ್ತೆ ಯತ್ನಿಸಿದೆ, ಪ್ರತಿಸಲ ನಡುವೆಯೇ ಎಂಜಿನ್ ಬಂದ್ ಆಗಿದೆ, ಉರಿಯದೆ ಉಳಿದ ಡೀಸೆಲ್ ಆಯಿಲ್ಲಿಗೆ ಇಳಿದಿದೆ ಎಂಬುದು ಅಷ್ಟರಿಂದಲೇ ತಿಳಿಯಿತು.

ಡಾಕ್ಟರಿಗೆ ನಾನು ಹೇಳಿದೆ: “ಡೀಸೆಲ್ ಉರಿದ್ರ ಮಸಿ ಆಗತೈತ್ರಿ. ಅದು ಹೊರಗ ಬರಬಾರದು ಅಂತ ಒಳಗ ಒಂದು ಫಿಲ್ಟರ್ ಇಟ್ಟಾರ. ಮಸಿ ತುಂಬಿದ ಮ್ಯಾಲೆ ಗಾಡಿ ಅದನ್ನ ಕಾಯಿಸಿ ಬೂದಿ ಮಾಡತೈತಿ. ಆದ್ರ ಅದಕ್ಕ ಗಾಡಿ ನಿಲ್ಲದಂಗ ಸ್ವಲ್ಪ ಹೊತ್ತು ಜೋರಾಗಿ ಓಡಬೇಕು. ನೀವು ಒಂದು ಹಟ್ಟಿಗೆ ಹೋಗಿ ನಿಲ್ಲಸ್ತೀರಿ, ಮತ್ತ ಇನ್ನೊಂದು ಹಟ್ಟಿ. ಅದಕ್ಕ ಸುಡಾಕ ಪುರಸತ್ತ ಸಿಕ್ಕಿಲ್ಲ.”

ಅವರು ನನ್ನ ಮುಖವನ್ನೇ ನೋಡಿದರು.

“ಫಿಲ್ಟರಾ? ಈ ಗಾಡಿಗೆ ಫಿಲ್ಟರೇ ಇಲ್ಲಂತ ಹೇಳಿದ್ರಲ್ರೀ! ನಾ ಕೇಳಿದ್ದೆ. ನಮ್ಮ ಸಂಬಂಧಿಕರೊಬ್ರದು ಹಿಂಗ ಕಟ್ಕೊಂಡಿತ್ತು, ಅದಕ್ಕ ಪೆಟ್ರೋಲ್ ಗಾಡಿ ತೋರಸ್ರಿ ಅಂದೆ. ನಿಮ್ಮ ಮ್ಯಾನೇಜರ್ರು ಬಿಳಿ ಕರ್ಚೀಫ್ ತಗೊಂಡು ಸೈಲೆನ್ಸರ್ ಬಾಯಿಗೆ ಹಿಡದ್ರು. ‘ನೋಡ್ರಿ, ಕರ್ರಗಾತೇನು? ಇದು ಹೊಸಾ ಎಂಜಿನ್, ಇದರಾಗ ಮಸಿನೇ ಹುಟ್ಟೂದಿಲ್ಲ, ಫಿಲ್ಟರ್ ಯಾಕ ಬೇಕು’ ಅಂದ್ರು.”

ಕರ್ಚೀಫಿನ ಆಟ ನನಗೆ ಗೊತ್ತಿರಲಿಲ್ಲ. ಷೋರೂಮಿಗೂ ವರ್ಕ್‌ಶಾಪಿಗೂ ನಡುವೆ ಒಂದು ಗಾಜಿನ ಬಾಗಿಲಿದೆ. ಆ ಕಡೆ ಏನು ಹೇಳಿ ಮಾರುತ್ತಾರೋ ಈ ಕಡೆ ನಮಗೆ ಕೇಳಿಸುವುದಿಲ್ಲ. ನಾನು ಡಾಕ್ಟರನ್ನು ಕರೆದುಕೊಂಡು ಆ ಬಾಗಿಲು ದಾಟಿದೆ.

ಸೇಲ್ಸ್ ಮ್ಯಾನೇಜರ್ ಕೆಟ್ಟ ಮಾತಿನ ಮನುಷ್ಯನಲ್ಲ. ನಗುಮುಖ, ಇಸ್ತ್ರಿ ಮಾಡಿದ ಅಂಗಿ, ಬಂದವರಿಗೆಲ್ಲ ಮೊದಲು ಚಹಾ. ಡಾಕ್ಟರ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನಾ ಹೇಳಿದ್ದು ಸುಳ್ಳೇನ್ರಿ ಮೇಡಂ? ಕರ್ಚೀಫ್ ಬೆಳ್ಳಗ ಇತ್ತೋ ಇಲ್ಲೋ?” ಎಂದರು.

“ಬೆಳ್ಳಗ ಇರೂದು ಫಿಲ್ಟರ್ ಇರೂದಕ್ಕ ರೀ. ಅದ ಇಲ್ಲಂತ ಹೇಳಿದ್ರ ಹೆಂಗ?”

“ಇರ್ಲಿ ಬಿಡ್ರಿ, ಈಗೇನು ಮಹಾ ಆಗೇತಿ?” ಎಂದು ಅವರು ಡಾಕ್ಟರಿಗೆ ಕುರ್ಚಿ ಎಳೆದರು. ದನಿ ತಗ್ಗಿಸಿದರು. “ಅದರೊಳಗಿನ ಜಾಳಿಗಿ ಕಡಿಸಿಬಿಡೋಣ್ರಿ ಮೇಡಂ. ಖಾಲಿ ಡಬ್ಬಿ ಕೂಡ್ರಿಸಿ, ಕಂಪ್ಯೂಟರಿನಾಗ ಸ್ವಲ್ಪ ತಿದ್ದಿದ್ರ ಆತು. ನಿಮಗ ಜೀವನದಾಗ ತ್ರಾಸಿಲ್ಲ.”

ಡಾಕ್ಟರು ಕೂರಲಿಲ್ಲ. “ಇಲ್ಲ ಅಂದಿದ್ರಲ್ರೀ? ಇಲ್ಲದ್ದನ್ನ ಹೆಂಗ ಕಡಸ್ತೀರಿ?”

ಮ್ಯಾನೇಜರ್ ನಕ್ಕರು. ಆ ನಗೆಗೆ ಬೇರೆ ಯಾರೂ ಕೂಡಿಕೊಳ್ಳಲಿಲ್ಲ. ಚಾಚಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. “ಕಡಿಯೋ ಕೆಲಸ ನಮ್ಮ ಶೆಡ್ಡಿನಾಗ ಆಗಂಗಿಲ್ಲ ಸಾಹೇಬ. ಹೊಗೀನ ಊರ ಮ್ಯಾಲೆ ಬಿಡಾಕ ನಾ ಪಾನಾ-ಸ್ಪ್ಯಾನರ್ ಹಿಡಿಯಂಗಿಲ್ಲ,” ಎಂದು ಹೇಳಿ ಹೋದರು.

ಆ ದಿನ ನಾವು ಫಿಲ್ಟರನ್ನು ಬಲವಂತವಾಗಿ ಸುಡಿಸಿದೆವು. ಅದಕ್ಕೊಂದು ಕ್ರಮವಿದೆ. ಮೊದಲು ಆಯಿಲ್ ಬದಲಿಸಬೇಕು, ತೆಳ್ಳಗಾದ ಆಯಿಲ್ಲಿನಲ್ಲಿ ಅಷ್ಟು ಕಾವಿಗೆ ಎಂಜಿನ್ನೇ ಹೋಗಬಹುದು. ಗಾಡಿಯನ್ನು ಶೆಡ್ಡಿನಿಂದ ಹೊರಗೆ, ಬಯಲಿನ ಕಾಂಕ್ರೀಟಿನ ಮೇಲೆ ನಿಲ್ಲಿಸಬೇಕು. ಕೆಳಗೆ ಕಾಗದ, ಹತ್ತಿ ಬಟ್ಟೆ, ಕಸ ಏನೂ ಇರಬಾರದು. ಆಮೇಲೆ ಸ್ಕ್ಯಾನರಿನಿಂದ ಅಪ್ಪಣೆ ಕೊಟ್ಟರೆ ಎಂಜಿನ್ ತಾನೇ ಜೋರಾಗಿ ಕೂಗಲು ಶುರುಮಾಡುತ್ತದೆ, ಫಿಲ್ಟರಿನ ಕಾವು ಏರುತ್ತ ಹೋಗುತ್ತದೆ. ನಾನು ಪಕ್ಕದಲ್ಲಿ ನಿಂತು ಪರದೆಯ ಮೇಲೆ ಅಂಕಿ ಏರುವುದನ್ನು ನೋಡುತ್ತಿದ್ದೆ. ಕುಲುಮೆಯ ಬಾಗಿಲು ತೆರೆದಂತೆ ಕಾಲಿಗೆ ಝಳ ಹೊಡೆಯುತ್ತಿತ್ತು. ಚಾಚಾ ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿದ್ದರು.

ಡಾಕ್ಟರು ದೂರ ನಿಂತು ಎಲ್ಲ ನೋಡಿದರು. “ರಸ್ತೆ ಮ್ಯಾಲೂ ಇದು ಹಿಂಗ ಕಾಯ್ತೈತೇನು?” ಎಂದು ಕೇಳಿದರು.

“ಹೌದ್ರಿ. ಓಡುವಾಗ ಗಾಳಿ ಹೊಡಿತೈತಿ, ಗೊತ್ತಾಗಂಗಿಲ್ಲ. ಆದ್ರ ಅದೇ ಹೊತ್ತಿಗೆ ಒಣ ಕಣಕಿ ಮ್ಯಾಲೆ, ಹುಲ್ಲಿನ ಮ್ಯಾಲೆ ನಿಲ್ಲಿಸಬಾರದು.”

“ಇಷ್ಟು ಮಾತು ಮಾರುವಾಗ ಹೇಳಿದ್ರ ನಾಲಿಗಿ ಸವಿತಿತ್ತೇನು ಅವರದು?” ಎಂದರು. ಗಾಡಿ ಸರಿಯಾಯಿತು, ಅವರ ಸಿಟ್ಟು ಹಾಗೇ ಉಳಿಯಿತು. ವಾರದಲ್ಲಿ ಒಂದೆರಡು ಸಲ ಲಿಂಗಸುಗೂರಿನಿಂದ ಮಸ್ಕಿಯವರೆಗೆ ನಿಲ್ಲಿಸದೆ ಓಡಿಸಿಕೊಂಡು ಬನ್ನಿ ಎಂದು ನಾನು ಹೇಳಿದಾಗ, “ಗಾಡಿ ನನ್ನ ಕೆಲಸಕ್ಕೋ, ನಾ ಗಾಡಿ ಕೆಲಸಕ್ಕೋ?” ಎಂದು ಕೇಳಿ ಹೊರಟರು. ಅವರಿಗೆ ಬೇಕಾಗಿದ್ದದ್ದು ಪೆಟ್ರೋಲ್ ಗಾಡಿಯೇ. ಅಂಗಳದಲ್ಲಿ ಮಾರಾಟವಾಗದೆ ನಿಂತದ್ದು ಡೀಸೆಲ್ ಗಾಡಿಗಳು.

ಮರುದಿನವೇ ನಾನು ಮ್ಯಾನೇಜರಿಗೆ ಬಿಡಿಸಿ ಹೇಳಿದೆ. ಫಿಲ್ಟರ್ ಇದೆ ಎನ್ನಿ, ಹಳದಿ ದೀಪ ಬಂದರೆ ಏನು ಮಾಡಬೇಕೆಂದು ತೋರಿಸಿ, ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ ಎನ್ನಿ. ನಮ್ಮ ಗಿರಾಕಿಗಳಲ್ಲಿ ಅರ್ಧ ಮಂದಿ ಭತ್ತದ ಗದ್ದೆಯವರು. ಮ್ಯಾನೇಜರ್ ತಲೆಯಾಡಿಸಿ ಚಹಾ ತರಿಸಿದರು. “ಹೇಳೋಣ್ರಿ, ಹೇಳೋಣ,” ಎಂದರು. ನಾನು ನಂಬಿ ಬಂದೆ.

ಸುಗ್ಗಿ ಶುರುವಾಗಿತ್ತು. ಕ್ಯಾನಾಲ್ ಕೆಳಗಿನ ಗದ್ದೆಗಳಲ್ಲಿ ಯಂತ್ರಗಳು ಕೊಯ್ದು ಬಿಟ್ಟ ಹುಲ್ಲು ಬಿಸಿಲಿಗೆ ಬಿದ್ದಿತ್ತು. ಒಂದು ಮಧ್ಯಾಹ್ನ ಮ್ಯಾನೇಜರ್ ತಾವೇ ಗಾಜಿನ ಬಾಗಿಲು ದಾಟಿ ನನ್ನ ಹತ್ತಿರ ಬಂದರು. ಮುಖದಲ್ಲಿ ನಗೆ ಇರಲಿಲ್ಲ.

“ಗೊರೇಬಾಳದಾಗ ಒಂದು ಗಾಡಿಗೆ ಬೆಂಕಿ ಹತ್ತೇತಿ. ಮೊನ್ನೆ ಡೆಲಿವರಿ ಕೊಟ್ಟದ್ದು. ದೊಡ್ಡ ಗಾಡಿ ತಗೊಂಡು ಹೋಗಿ ಹೇರಿಕೊಂಡು ಬರ್ರಿ. ಲಗೂನ. ಫೋಟೋ ಗೀಟೋ ತೆಗಿಯಾಕ ಯಾರಿಗೂ ಬಿಡಬ್ಯಾಡ್ರಿ.”

ಕಾರು ಹೇರುವ ಲಾರಿಯಲ್ಲಿ ಡ್ರೈವರಿನ ಪಕ್ಕ ಕೂತು ಹೊರಟೆ. ದಾರಿಯುದ್ದಕ್ಕೂ ಯಾರಿಗೆ ಏನಾಗಿದೆಯೋ ಎಂಬ ಒಂದೇ ಯೋಚನೆ. ಗದ್ದೆಯ ಬದುವಿಗೆ ಮಂದಿ ಕೂಡಿದ್ದರು. ನಡುವೆ ಕರಿ ವೃತ್ತ, ಅದರೊಳಗೆ ಕಾರು. ಮುಂದಿನ ಬಂಪರು ಕರಗಿ ಜೋತುಬಿದ್ದಿತ್ತು, ಒಂದು ಕಡೆಯ ಟಯರು ಸುಟ್ಟು ಗಾಡಿ ವಾಲಿತ್ತು. ಗಾಡಿಯ ಮಾಲೀಕ, ನನ್ನ ಅಣ್ಣನ ವಯಸ್ಸಿನ ರೈತ, ಬದುವಿನ ಮೇಲೆ ಕೂತಿದ್ದ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ.

ಅವನು ತಾಯಿಯನ್ನು ಸಿಂಧನೂರಿನ ದವಾಖಾನೆಗೆ ತೋರಿಸಿಕೊಂಡು ವಾಪಸು ಬರುವಾಗ, ಭತ್ತದ ರಾಶಿ ನೋಡಿಕೊಂಡು ಹೋಗೋಣ ಎಂದು ಗದ್ದೆಗೆ ಇಳಿಸಿದ್ದ. ತಾಯಿಗೆ ಬಿಸಿಲು ತಾಗದಿರಲಿ ಎಂದು ಎಂಜಿನ್ ಬಂದ್ ಮಾಡದೆ, ಏಸಿ ಹಾಕಿ, ಒಳಗೇ ಕೂರಿಸಿ ಹೋಗಿದ್ದ. ರಾಶಿಯ ಹತ್ತಿರ ಮಾತಾಡುತ್ತ ನಿಂತವನು ತಿರುಗಿ ನೋಡಿದಾಗ ಗಾಡಿಯ ಬುಡದಿಂದ ಹೊಗೆ. ಓಡಿ ಬಂದು ಬಾಗಿಲು ಎಳೆದು ಮುದುಕಿಯನ್ನು ಎತ್ತಿಕೊಂಡು ಹೊರಗೆ ಹಾರಿದ್ದ. ಅವಳ ಸೀರೆಯ ಅಂಚು ಹತ್ತಿಕೊಂಡು ಕಾಲು ಸುಟ್ಟಿತ್ತು. ಈಗ ಆಕೆ ದವಾಖಾನೆಯಲ್ಲಿ.

“ನಾ ಕೇಳಿದ್ದೆ ಅಕ್ಕಾರ,” ಎಂದ. “ಗಾಡಿ ತಗೊಳ್ಳೂ ದಿನ ಕೇಳಿದ್ದೆ. ನಮ್ದು ಹುಲ್ಲಾಗ, ಕಣದಾಗ ನಿಲ್ಲಸೋ ಕೆಲಸ, ಏನೂ ಆಗಂಗಿಲ್ಲಲ್ರೀ ಅಂತ. ಬುಡ ತಣ್ಣಗ ಇರತೈತಿ, ಇದು ಹೊಸಾ ಎಂಜಿನ್ ಅಂದ್ರು. ಬಿಳಿ ಕರ್ಚೀಫ್ ತೋರಿಸಿದ್ರು.”

ಅಷ್ಟು ಸಾಕಾಗಿತ್ತು. ನಾನು ಬೂದಿಯಲ್ಲಿ ಮೊಣಕಾಲೂರಿ ಗಾಡಿಯ ಕೆಳಗೆ ಟಾರ್ಚ್ ಬಿಟ್ಟೆ. ಫಿಲ್ಟರಿನ ಸುತ್ತ ತಗಡಿನ ಹೊದಿಕೆ ಇರುತ್ತದೆ. ಅದರ ಸಂದಿಯಲ್ಲಿ ಹುಲ್ಲು ಒತ್ತಿ ಕೂತು ಕರಕಲಾಗಿತ್ತು. ಬೆಂಕಿಯ ಗುರುತು ಎಲ್ಲಕ್ಕಿಂತ ಆಳವಾಗಿದ್ದದ್ದು ಅಲ್ಲೇ. ಅಲ್ಲಿಂದ ಮುಂದಕ್ಕೆ ಹರಡಿತ್ತು. ವೈರುಗಳು ಸುಟ್ಟದ್ದು ಹೊರಗಿನ ಬೆಂಕಿಯಿಂದ, ಒಳಗಿನಿಂದಲ್ಲ. ಗಾಡಿ ರಸ್ತೆಯಲ್ಲಿ ಫಿಲ್ಟರ್ ಸುಡಲು ಶುರುಮಾಡಿದೆ, ಅದರ ನಡುವೆಯೇ ಗದ್ದೆಗೆ ಇಳಿದಿದೆ. ಇದು ನನ್ನ ತರ್ಕ. ಆದರೆ ನನ್ನ ತರ್ಕ ಸಾಕ್ಷಿಯಲ್ಲ. ಗಾಡಿ ನಿಂತ ಜಾಗ, ಅದರ ಕೆಳಗಿನ ಬೂದಿ, ಸಂದಿಯಲ್ಲಿ ಸಿಕ್ಕ ಹುಲ್ಲು, ಇವೆಲ್ಲ ಸಾಕ್ಷಿ. ಲಾರಿಗೆ ಹೇರಿ ನಮ್ಮ ಶೆಡ್ಡಿಗೆ ಒಯ್ದ ಗಳಿಗೆಗೆ ಅದೆಲ್ಲ ಉದುರಿ ಹೋಗುತ್ತದೆ. ಹೇರಿಕೊಂಡು ಬರಲು ಯಾಕೆ ಅಷ್ಟು ಅವಸರ ಎಂಬುದು ಆಗ ಅರ್ಥವಾಯಿತು.

ಎದ್ದು ಕೈ ಝಾಡಿಸಿಕೊಂಡೆ. ರೈತನಿಗೆ ಹೇಳಿದೆ: “ಅಣ್ಣಾ, ಈ ಗಾಡಿ ಇಲ್ಲಿಂದ ಅಲುಗಾಡಿಸಾಕ ಯಾರಿಗೂ ಬಿಡಬ್ಯಾಡ್ರಿ. ನಮಗೂ ಬಿಡಬ್ಯಾಡ್ರಿ. ಇನ್ಶೂರೆನ್ಸಿನವರು ಇಲ್ಲೇ ಬಂದು ನೋಡ್ಲಿ, ಕಂಪನಿ ಎಂಜಿನಿಯರ್ ಇಲ್ಲೇ ಬಂದು ನೋಡ್ಲಿ. ಮ್ಯಾಲೆ ತಾಡಪಲ್ ಹೊಚ್ಚಿಡ್ರಿ.”

ಲಾರಿ ಡ್ರೈವರ್ ಗಾಬರಿಯಾದ. “ಮೇಡಂ, ಖಾಲಿ ಹೊಳ್ಳಿ ಹೋಗೂದೇನ್ರಿ?”

“ಖಾಲಿನ ಹೋಗೋಣ ನಡಿ.”

ವಾಪಸು ಬರುವಾಗ ದವಾಖಾನೆಯ ಮುಂದೆ ಇಳಿದುಕೊಂಡೆ. ಮುದುಕಿ ಎಚ್ಚರವಾಗಿದ್ದಳು. ಕಾಲಿಗೆ ಮುಲಾಮು ಹಚ್ಚಿ ತೆಳು ಬಟ್ಟೆ ಮುಚ್ಚಿದ್ದರು. ನಾನು ಷೋರೂಮಿನವಳೆಂದು ಹೇಳಿದರೆ ಬೈಯುತ್ತಾಳೆಂದುಕೊಂಡಿದ್ದೆ. ಆಕೆ ನನ್ನ ಕೈ ಹಿಡಿದುಕೊಂಡಳು.

“ಕುಂತ ಜಾಗಾ ಬೆಚ್ಚಗಾತವ್ವಾ,” ಎಂದಳು. “ಹೊಸಾ ಗಾಡಿ, ಹಿಂಗ ಇರತೈತೇನೋ ಅಂತ ಸುಮ್ಕ ಕುಂತೆ. ಕೇಳಿದ್ರ ನನ್ನ ಮಗಾ, ಅವ್ವಗ ಏನೂ ತಿಳಿಯಂಗಿಲ್ಲ ಅಂದಾನು ಅಂತ.”

ಹೊರಗೆ ಬಂದು ಷೋರೂಮಿಗೆ ನಡೆದೇ ಹೋದೆ.

ಷೋರೂಮಿನಲ್ಲಿ ಮಾಲಕರು ಕಾಯುತ್ತಿದ್ದರು. ಅವರದು ಸಿಂಧನೂರಿನ ಹಳೆಯ ವ್ಯಾಪಾರಸ್ಥ ಮನೆತನ. ಹಣೆಯ ಮೇಲೆ ವಿಭೂತಿ, ಎತ್ತಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಪಕ್ಕದಲ್ಲಿ ಮ್ಯಾನೇಜರ್.

“ಗಾಡಿ ಎಲ್ಲಿ?” ಎಂದರು ಮಾಲಕರು.

“ಗದ್ದ್ಯಾಗ ಐತ್ರಿ. ಅಲ್ಲೇ ಇರ್ಲಿ ಅಂತ ನಾನ ಹೇಳಿ ಬಂದೀನಿ.”

ಮ್ಯಾನೇಜರ್ ನಡುವೆ ಬಾಯಿ ಹಾಕಿದರು. “ಸುಗ್ಗಿ ಕೆಲಸದ ಮಂದಿ ಇದ್ರಲ್ಲ, ಯಾರೋ ಬೀಡಿ ಸೇದಿ ಒಗದಿರಬೇಕು. ಆ ಮುದುಕಿನೂ ಸೇದ್ತಾಳೋ ಏನೋ. ಇನ್ಶೂರೆನ್ಸಿನವರು ಬಂದ್ರ ನೀವು ಅಷ್ಟು ಹೇಳಿದ್ರ ಸಾಕು ಮೇಡಂ. ಎಲ್ಲಾರಿಗೂ ಚಲೋ ಆಗತೈತಿ.”

“ಆ ಮುದುಕಿ ಕಾಲು ನೋಡಿ ಬಂದೀನ್ರಿ. ಬೀಡಿ ಅಂತ ನನ್ನ ಬಾಯಿಂದ ಬರಂಗಿಲ್ಲ.”

ಮಾಲಕರು ಮ್ಯಾನೇಜರನ್ನು ಹೊರಗೆ ಕಳಿಸಿದರು. ನನ್ನನ್ನು ಕೂರಿಸಿದರು. “ನೋಡಮ್ಮಾ, ನೀ ಸಿಟ್ಟಿನಾಗ ಇದ್ದಿ. ರೈತನ ಗಾಡಿ ಇನ್ಶೂರೆನ್ಸಿನಾಗ ಆಗತೈತಿ, ದವಾಖಾನಿ ನಾ ನೋಡ್ಕೋತೀನಿ. ಆದ್ರ ಸುದ್ದಿ ಹಬ್ಬೇತಿ. ಬರೋ ಸಂತಿ ದಿನ ಮಸ್ಕ್ಯಾಗ ನಮ್ಮ ಗಾಡಿಗಳ ಮೇಳ ಐತಿ. ಅದು ನಿಮ್ಮೂರು. ಮಂದಿ ನಿನ್ನ ಮಾತು ನಂಬ್ತಾರ. ನೀನ ನಿಂತು ಈ ಗಾಡ್ಯಾಗ ಏನೂ ದೋಷ ಇಲ್ಲಂತ ಹೇಳಿಬಿಡು. ಲಿಂಗಸುಗೂರಾಗ ಹೊಸಾ ಸರ್ವೀಸ್ ಶಾಖಾ ತೆಗಿಯಾಕತ್ತೀನಿ. ಅದನ್ನ ನೀನ ನಡಸು. ಬ್ಯಾರೆ ಯಾರೂ ನನ್ನ ಕಣ್ಣಾಗಿಲ್ಲ.”

ಶಾಖೆಯ ಮಾತು ಸುಳ್ಳಾಗಿರಲಿಲ್ಲ. ಆ ಕುರ್ಚಿ ನನಗೆ ಬೇಕಿತ್ತು ಕೂಡ. ನನ್ನ ಜತೆ ಕಲಿತ ಗಂಡುಹುಡುಗರಿಗೆಲ್ಲ ಅದು ಯಾವಾಗಲೋ ಸಿಕ್ಕಿತ್ತು. ನಾನು ಹೇಳಿದ್ದು ಇಷ್ಟೇ: “ಮಸ್ಕಿಗೆ ಬರ್ತೀನ್ರಿ. ಗಾಡಿ ಬಗ್ಗೆ ಏನು ಖರೆ ಐತೋ ಅದನ್ನ ಹೇಳ್ತೀನಿ.” ಅವರು ಅದನ್ನು ಒಪ್ಪಿಗೆ ಅಂದುಕೊಂಡರು.

ಮನೆಯಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಸಂತ್ಯಾಗ ನಿಂತು ಸುಳ್ಳ ಹೇಳಿದ್ರ, ಮುಂದಿನ ವಾರ ಕಾಯಿಪಲ್ಯಾ ತರಾಕ ಅದ ಸಂತಿಗೆ ನಾ ಹೋಗಬೇಕು, ತಿಳೀತಿಲ್ಲ?” ಎಂದಳು.

ಸಂತೆಯ ದಿನ ಮಸ್ಕಿ ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ನಾಲ್ಕೈದು ಹೊಸ ಕಾರುಗಳು, ಬಲೂನು, ಜೋರಾದ ಹಾಡು. ಮಂದಿ ಒಣಮೆಣಸಿನಕಾಯಿ ಚೀಲ, ಕಾಯಿಪಲ್ಯೆ ಚೀಲ ಹಿಡಿದುಕೊಂಡೇ ಬಂದು ಗಾಡಿ ಮುಟ್ಟಿ ನೋಡುತ್ತಿದ್ದರು. ನಮ್ಮ ಓಣಿಯವರು, ಶಾಲೆಯಲ್ಲಿ ನನ್ನ ಜೊತೆ ಓದಿದವರು, ಅವ್ವನಿಗೆ ಪರಿಚಯದ ಬಳೆಗಾರ್ತಿ, ಎಲ್ಲರ ಮುಖವೂ ಕಾಣುತ್ತಿತ್ತು. ಮ್ಯಾನೇಜರ್ ಒಂದು ಗಾಡಿಯ ಎಂಜಿನ್ ಚಾಲೂ ಮಾಡಿ, ಕರ್ಚೀಫನ್ನು ಸೈಲೆನ್ಸರಿಗೆ ಹಿಡಿದು, ಎತ್ತಿ ತೋರಿಸಿದರು. ಚಪ್ಪಾಳೆ ಬಿತ್ತು.

“ಮಸಿ ಇಲ್ಲ, ಫಿಲ್ಟರಿಲ್ಲ, ತ್ರಾಸಿಲ್ಲ! ಗೊರೇಬಾಳದ ಸುದ್ದಿ ಕೇಳೀರಿ. ಅದು ಬೀಡಿ ಕಿಡಿ. ನನ್ನ ಮಾತು ಬ್ಯಾಡ್ರಿ, ನಿಮ್ಮೂರ ಮಗಳು ಅದಾಳ, ನಮ್ಮ ಸರ್ವೀಸ್ ಮೇಡಂ, ಅವರ ಬಾಯಿಂದನ ಕೇಳ್ರಿ!” ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು.

ನನ್ನ ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು.

“ಈ ಗಾಡ್ಯಾಗ ಫಿಲ್ಟರ್ ಐತ್ರಿ,” ಎಂದೆ. “ಅದು ಇರೂದಕ್ಕ ಆ ಕರ್ಚೀಫ್ ಬೆಳ್ಳಗ ಐತಿ. ಮಸಿ ಒಳಗ ಕುಂದ್ರತೈತಿ. ತುಂಬಿದಾಗ ಗಾಡಿ ಅದನ್ನ ಸುಡತೈತಿ. ಸುಡುವಾಗ ಬುಡ ಕೆಂಡದಂಗ ಕಾಯ್ತೈತಿ. ಆ ಹೊತ್ನ್ಯಾಗ ಒಣ ಹುಲ್ಲಿನ ಮ್ಯಾಲೆ ನಿಲ್ಲಿಸಿದ್ರ ಬೆಂಕಿ ಹತ್ತತೈತಿ. ಗೊರೇಬಾಳದ ಗಾಡಿ ಬುಡ ನಾ ನೋಡೀನಿ. ಫಿಲ್ಟರಿನ ಮೈಗೇ ಹುಲ್ಲು ಸುಟ್ಟು ಅಂಟೇತಿ. ಬೀಡಿ ಅಂತ ನಾ ಹೇಳಂಗಿಲ್ಲ.”

ಹಾಡು ನಿಂತಿತು. ಮ್ಯಾನೇಜರ್ ನನ್ನ ಮೊಣಕೈ ಹಿಡಿದರು. “ಮೇಡಂ, ಸಾಕು,” ಎಂದು ಹಲ್ಲು ಕಚ್ಚಿ ಹೇಳಿದ್ದು ಮೈಕಿನಲ್ಲೇ ಎಲ್ಲರಿಗೂ ಕೇಳಿಸಿತು. ನಾನು ಕೈ ಬಿಡಿಸಿಕೊಂಡೆ.

ಮುಂದೆ ನಿಂತಿದ್ದ ಒಬ್ಬ ಕಿರಾಣಿ ಅಂಗಡಿಯವರು ಕೂಗಿ ಕೇಳಿದರು: “ಹಂಗಾದ್ರ ಈ ಗಾಡಿ ತಗೋಬಾರದೇನವ್ವಾ?”

“ದಿನಾ ರಾಯಚೂರಿಗೆ ಹೋಗಿ ಬರೋರಿದ್ರ ತಗೋರಿ ಕಾಕಾ, ಚಲೋ ಗಾಡಿ. ಮನಿಂದ ಅಂಗಡಿಗೆ, ಅಂಗಡಿಂದ ಹೊಲಕ್ಕ ಅಂದ್ರ ಪೆಟ್ರೋಲ್ ತಗೋರಿ. ಡೀಸೆಲ್ ತಗೊಂಡ್ರ ಹಳದಿ ದೀಪ ಹತ್ತಿದಾಗ ಗಾಡಿ ನಿಲ್ಲಸಬ್ಯಾಡ್ರಿ, ರಸ್ತೆ ಮ್ಯಾಲೆ ಓಡಸ್ರಿ. ಫಿಲ್ಟರ್ ಕಡಿಸಿಕೊಡ್ತೀವಿ ಅಂತ ಯಾರರ ಬಂದ್ರ ಅವರ ಮಾತು ಕೇಳಬ್ಯಾಡ್ರಿ. ಇಲ್ಲ ಅಂತ ಹೇಳಿ ಮಾರೋರ ಮಾತಂತೂ ಕೇಳಲೇಬ್ಯಾಡ್ರಿ.”

ಅಷ್ಟರಲ್ಲಿ ಯಾರೋ ವೈರು ಕಿತ್ತರು. ಕೊನೆಯ ಮಾತು ಬರಿ ಬಾಯಲ್ಲೇ ಹೇಳಿದ್ದು. ಮುಂದಿದ್ದವರಿಗೆ ಕೇಳಿಸಿತು, ಅವರು ಹಿಂದಿನವರಿಗೆ ಹೇಳಿದರು. ಕೆಲವರು ನಕ್ಕರು, ಕೆಲವರು ಬೈದರು. “ತಿನ್ನೋ ಮನಿಗೆ ಎರಡು ಬಗೆದ್ಲು ನೋಡು” ಎಂದ ಒಬ್ಬ ಓಣಿಯವನ ಮಾತು ನನ್ನ ಕಿವಿಗೆ ಸರಿಯಾಗಿಯೇ ಬಿತ್ತು. ಆ ದಿನ ಅಲ್ಲಿ ಒಂದು ಡೀಸೆಲ್ ಗಾಡಿಯೂ ಬುಕ್ ಆಗಲಿಲ್ಲ.

ಮರುದಿನ ಕೆಲಸಕ್ಕೆ ಹೋದೆ. ಯಾಕೆ ಹೋಗಬಾರದು? ನನ್ನ ಟೇಬಲ್ಲಿನ ಹಿಂದೆ ಬೇರೆಯವರು ಕೂತಿದ್ದರು. ಸ್ಕ್ಯಾನರಿನ ಪಾಸ್‌ವರ್ಡ್ ಬದಲಾಗಿತ್ತು. ಮಾಲಕರು ರಾಜೀನಾಮೆಗೆ ರುಜು ಹಾಕು ಎಂದರು, ಹಾಕಲಿಲ್ಲ. ತೆಗೆಯುವುದಿದ್ದರೆ ಯಾಕೆ ತೆಗೆಯುತ್ತೀರಿ ಎಂದು ಬರೆದು ಕೊಡಿ ಎಂದೆ. ಬರೆಯಲು ಅವರು ತಯಾರಿರಲಿಲ್ಲ. ಬೇಸಿಗೆಯ ಆ ದಿನಗಳನ್ನು ನಾನು ಬಿಡಿಭಾಗಗಳ ಗೋದಾಮಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಾಡಲು ಏನೂ ಇಲ್ಲದೆ ಕಳೆದೆ. ಜತೆಗೆ ಊಟ ಮಾಡುತ್ತಿದ್ದವರು ದೂರ ಸರಿದರು. ಚಾಚಾ ಮಾತ್ರ ಡಬ್ಬಿ ಹಿಡಿದು ಬಂದು ನನ್ನ ಎದುರು ಕೂರುತ್ತಿದ್ದರು. “ಉಣ್ಣು ಬೇಟಿ. ಕುರ್ಚಿ ಸಣ್ಣದಾದ್ರ ಹೊಟ್ಟಿ ಸಣ್ಣದಾಗತೈತೇನು?” ಎನ್ನುತ್ತಿದ್ದರು.

ದನದ ಡಾಕ್ಟರಿಗೆ ಮಸ್ಕಿಯ ಸುದ್ದಿ ಮುಟ್ಟಿತ್ತು. ಅವರು ತಾವಾಗಿಯೇ ಗೊರೇಬಾಳಕ್ಕೆ ಹೋಗಿ ರೈತನನ್ನು ಕಂಡರು. ಇಬ್ಬರೂ ಸೇರಿ ಕಾರು ತಯಾರಿಸುವ ಕಂಪನಿಗೆ ಮತ್ತು ರಾಯಚೂರಿನ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ದೂರು ದಾಖಲಾದ ಮೇಲೆ ಕಂಪನಿಯ ಎಂಜಿನಿಯರ್ ಬಂದರು. ಗಾಡಿ ತಾಡಪಲ್ಲಿನ ಕೆಳಗೆ ನಿಂತಲ್ಲೇ ಇತ್ತು. ರೈತ ನೇಗಿಲು ಹೊಡೆಯುವಾಗ ಆ ತುಂಡು ನೆಲವನ್ನು ಬಿಟ್ಟು ಹೊಡೆದಿದ್ದ. ಎಂಜಿನಿಯರ್ ಬುಡ ನೋಡಿದರು, ಗಾಡಿಯ ಕಂಪ್ಯೂಟರ್ ಓದಿದರು. ಬೆಂಕಿಯ ಹೊತ್ತಿನಲ್ಲಿ ಫಿಲ್ಟರ್ ಸುಡುವ ಕೆಲಸ ನಡೆದಿತ್ತು ಎಂದು ಒಪ್ಪಿಕೊಂಡರು. ಆದರೆ ಗಾಡಿಯ ಪುಸ್ತಕ ತೆಗೆದು, “ಒಣ ಹುಲ್ಲಿನ ಮೇಲೆ ನಿಲ್ಲಿಸಬಾರದು ಎಂದು ಇದರಲ್ಲೇ ಇದೆ. ಓದಬೇಕಿತ್ತು,” ಎಂದರು.

ರೈತ ಆ ದಪ್ಪ ಇಂಗ್ಲಿಷ್ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ. “ನನಗ ಓದಾಕ ಬರಂಗಿಲ್ಲ ಅನ್ನೂದು ನನ್ನ ತಪ್ಪ ಅಂತ ಇಟ್ಕೋರಿ ಸಾಹೇಬ್ರ. ಬಾಯಿಬಿಟ್ಟು ಕೇಳಿದಾಗ ಸುಳ್ಳ ಹೇಳಿದ್ದು ಯಾರ ತಪ್ಪು?” ಎಂದ.

ನಾನೂ ಅಲ್ಲಿದ್ದೆ. ಯಾರೂ ಕಳಿಸಿರಲಿಲ್ಲ, ರಜೆ ಹಾಕಿ ಹೋಗಿದ್ದೆ. ಬೆಂಕಿ ಹತ್ತಿದ ದಿನ ನಾನು ಕಂಡದ್ದನ್ನು, ಮಸ್ಕಿಯ ಮೇಳದಲ್ಲಿ ಕೇಳಿದ್ದನ್ನು ಎಂಜಿನಿಯರಿನ ಮುಂದೆ ಹೇಳಿದೆ. ಆಯೋಗದಲ್ಲೂ ಇದನ್ನೇ ಹೇಳುತ್ತೇನೆ ಎಂದೆ. ಅವರು ಬರೆದುಕೊಂಡರು. ಆಯೋಗದ ವಿಚಾರಣೆ ಬರುವ ಮೊದಲೇ ಕಂಪನಿ ರಾಜಿಗೆ ಬಂತು. ರೈತನಿಗೆ ಬೇರೆ ಗಾಡಿ, ತಾಯಿಯ ಚಿಕಿತ್ಸೆಯ ಪೂರ್ತಿ ಹೊಣೆ. ಡಾಕ್ಟರಿಗೆ ಡೀಸೆಲ್ ವಾಪಸು ಪಡೆದು ಪೆಟ್ರೋಲ್ ಗಾಡಿ. ಸುಳ್ಳು ಹೇಳಿದೆವು ಎಂಬ ಮಾತು ಮಾತ್ರ ಅವರು ಎಲ್ಲಿಯೂ ಆಡಲಿಲ್ಲ. ಡಾಕ್ಟರು ಅದಕ್ಕಾಗಿ ರಾಜಿ ಬೇಡವೆಂದು ಹಟ ಹಿಡಿದಿದ್ದರು. ಮುದುಕಿಯ ಕಾಲು ಇನ್ನೂ ಮಾಯಬೇಕಿತ್ತು, ರೈತ ಕೈಮುಗಿದ, ಅವರು ಒಪ್ಪಿದರು. ಮುದುಕಿ ಈಗ ಕೋಲು ಹಿಡಿದು ನಡೆಯುತ್ತಾಳೆ. ಕಾರಿನಲ್ಲಿ ಕೂರುವುದಿಲ್ಲ, ಆಟೋ ತರಿಸು ಅನ್ನುತ್ತಾಳಂತೆ.

ಮ್ಯಾನೇಜರ್ ಬೇರೆ ಊರಿನ ಬೇರೆ ಷೋರೂಮಿಗೆ ಹೋದರು. ಅಲ್ಲಿ ಅವರನ್ನು ಹಾರ ಹಾಕಿ ಸ್ವಾಗತಿಸಿದ ಫೋಟೋ ನೋಡಿದೆ. ಲಿಂಗಸುಗೂರಿನ ಶಾಖೆ ಶುರುವಾಯಿತು, ಅದರ ಕುರ್ಚಿಯಲ್ಲಿ ನನಗಿಂತ ಕಿರಿಯ ಹುಡುಗನಿದ್ದಾನೆ. ಕಂಪನಿಯ ಕಣ್ಣು ಬಿದ್ದಿದ್ದರಿಂದ ನನ್ನನ್ನು ತೆಗೆಯುವುದು ಮಾಲಕರಿಗೆ ಆಗಲಿಲ್ಲ. ನನ್ನ ಟೇಬಲ್ ವಾಪಸು ಕೊಟ್ಟರು. ಗಾಜಿನ ಬಾಗಿಲು ದಾಟಿ ಷೋರೂಮಿಗೆ ಬರಕೂಡದು ಎಂದು ಮಾತ್ರ ಹೇಳಿದರು.

ನಾನು ದಾಟುವುದಿಲ್ಲ. ಹೊಸ ಗಾಡಿ ಯಾವುದಾದರೂ ಹೊರಗೆ ಹೋಗಬೇಕಾದರೆ ಗೇಟಿನಿಂದಲೇ ಹೋಗಬೇಕು. ಪೂಜೆ ಮುಗಿದು, ಚಕ್ರದ ಕೆಳಗಿನ ನಿಂಬೆಹಣ್ಣು ಒಡೆದು, ಗಾಡಿ ಗೇಟಿಗೆ ಬಂದಾಗ ನಾನು ಅಲ್ಲಿ ನಿಂತಿರುತ್ತೇನೆ. ಎರಡು ಮಿನಿಟು ನಿಲ್ಲಿಸ್ರಿ ಎನ್ನುತ್ತೇನೆ. ದೀಪ ಯಾವುದೆಂದು ತೋರಿಸುತ್ತೇನೆ, ಎಲ್ಲಿ ನಿಲ್ಲಿಸಬಾರದೆಂದು ಹೇಳುತ್ತೇನೆ. ಕೆಲವರಿಗೆ ಮುಹೂರ್ತದ ಹೊತ್ತಿನಲ್ಲಿ ಬೆಂಕಿಯ ಮಾತು ಬೇಡ. ಮುಖ ಸಿಂಡರಿಸಿಕೊಂಡು ಹೋಗುತ್ತಾರೆ. ಹೆಚ್ಚಿನವರು ಗ್ಲಾಸು ಇಳಿಸಿ ಕೇಳುತ್ತಾರೆ.

ಮೊನ್ನೆ ಲಿಂಗಸುಗೂರಿನ ಒಂದು ಕುಟುಂಬ ಡೀಸೆಲ್ ಗಾಡಿ ತೆಗೆದುಕೊಂಡು ಹೊರಟಿತ್ತು. ಮನೆ ಎಲ್ಲಿ, ಅಂಗಡಿ ಎಲ್ಲಿ, ದಿನಕ್ಕೆ ಎಷ್ಟು ಓಡಾಟ ಎಂದು ಕೇಳಿದೆ. ಊರು ಬಿಟ್ಟು ಹೊರಗೆ ಹೋಗುವುದು ಹಬ್ಬಕ್ಕೆ ಮಾತ್ರ ಎಂದರು. ನಾನು ಹೇಳುವುದನ್ನೆಲ್ಲ ಆ ಮನೆಯ ಯಜಮಾನ ಸುಮ್ಮನೆ ಕೇಳಿಸಿಕೊಂಡರು. ಹೆಂಡತಿಯ ಮುಖ ನೋಡಿದರು. ಆಮೇಲೆ ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ಹಾರ ಹಾಕಿದ ಹಾಗೆಯೇ ಷೋರೂಮಿನ ಮುಂದೆ ನಿಲ್ಲಿಸಿ, ಕೀಲಿ ಹಿಡಿದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಮಾಲಕರು ತಾವೇ ಹೊರಗೆ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನೆದುರು ನಿಂತರು.

“ಪೆಟ್ರೋಲ್ ತೋರಸ್ರಿ ಅನ್ನಾಕತ್ಯಾರ,” ಎಂದರು. “ನೋಡಮ್ಮಾ, ನಾಳೆ ಮತ್ತೊಂದು ಡೀಸೆಲ್ ಡೆಲಿವರಿ ಐತಿ. ನನಗ ಬೇಕಾದೋರದು. ನೀ ಗೇಟಿನ ಕಡೆ ಸುಳಿಯಬ್ಯಾಡ.”

“ಎಷ್ಟು ಗಂಟೆಗ್ರೀ?” ಎಂದು ಕೇಳಿದೆ.